ಎರಡು ಬೆರಳಿನ ಜಗಳ

ಮಾತು ಬಿಟ್ಟವರು ಇಬ್ಬರು. ಅವರ ಮಾತು ಹೊರುವ ಕೆಲಸ ಬಿದ್ದದ್ದು ಮೂರನೆಯವಳಾದ ಸೊಸೆಯ ತಲೆಗೆ. ಊಟಕ್ಕೆ ಕೂತರೆ ಅತ್ತೆ ಮೇಜಿನ ಈ ತುದಿಗೆ, ಸೊಸೆಯ ಮಗಳು ಆ ತುದಿಗೆ, ಉಪ್ಪಿನ ಡಬ್ಬಿ ಮಗಳ ಪಕ್ಕಕ್ಕೆ.

"ಉಪ್ಪು ಈ ಕಡೆ ತಳ್ಳೋಕೆ ನಿನ್ನ ಮಗಳಿಗೆ ಹೇಳು," ಎಂದರು ಅತ್ತೆ.

"ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ ಅಂತ ನಿನ್ನ ಅತ್ತೆಗೆ ಹೇಳು," ಎಂದಳು ಮಗಳು.

ಸೊಸೆ ಎದ್ದು ಹೋಗಿ ಡಬ್ಬಿ ತಂದು ಅತ್ತೆಯ ಮುಂದಿಟ್ಟು, ಅವರು ಎರಡನೇ ಚಿಟಿಕೆ ತೆಗೆಯುವ ಮೊದಲೇ ವಾಪಸು ಎತ್ತಿಕೊಂಡಳು. ಅವಳ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಕುದುರೆಗೆ ಲಾಳ ಕಟ್ಟುವುದು ಅವನ ಕಸುಬು. ಎಂಥ ಪುಂಡ ಕುದುರೆಯ ಹಿಂಗಾಲನ್ನೂ ಮಡಿಲಲ್ಲಿಟ್ಟುಕೊಂಡು ಮೊಳೆ ಹೊಡೆಯುತ್ತಿದ್ದ ಈ ಮನುಷ್ಯ, ತಾಯಿ ಮತ್ತು ಮಗಳ ನಡುವೆ ಮಾತು ಬಂತೆಂದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ.

ಜಗಳ ಆಸ್ತಿಗಲ್ಲ, ಮದುವೆಗೂ ಅಲ್ಲ. ಒಂದು ಕುದುರೆಗೆ, ಅದೂ ಅದರ ಎರಡು ಬೆರಳಿನಷ್ಟು ಎತ್ತರಕ್ಕೆ.

ಊರಂಚಿನಲ್ಲಿ ಮನೆ, ಮನೆಗೆ ಅಂಟಿಕೊಂಡೇ ಲಾಯ. ಅದನ್ನು ಕಟ್ಟಿ ಬೆಳೆಸಿದವರು ಅತ್ತೆ. ಈಗ ಎಪ್ಪತ್ತು ದಾಟಿದೆ, ಕೈಗೆ ಕೋಲು ಬಂದಿದೆ, ಆದರೂ ಎಳೆಯ ಕುದುರೆಯ ಮಂಡಿ ಮುಟ್ಟಿಸಿ, ಅದು ಕೆಲಸಕ್ಕೆ ಬಲಿತಿದೆಯೇ ಎಂದು ಕೇಳಿಕೊಂಡು ಹೋಗಲು ದೂರದೂರದವರು ಅವರ ಹತ್ತಿರವೇ ಬರುತ್ತಿದ್ದರು. ಸೊಸೆ ಅಡುಗೆ, ಅಂಗಳ ಮುಗಿಸಿಕೊಂಡು ಮಧ್ಯಾಹ್ನ ಶಾಲೆಯ ಮಕ್ಕಳಿಗೆ ಎರಡು ಮುದಿ ಕುದುರೆಗಳ ಮೇಲೆ ಕೂರುವುದನ್ನು ಕಲಿಸುತ್ತಿದ್ದಳು. ಎಳೆಯ ಕುದುರೆಗಳನ್ನು ಜೀನಿಗೆ, ಲಗಾಮಿಗೆ ಒಗ್ಗಿಸುವುದು ಇಪ್ಪತ್ತೆರಡು ವರ್ಷದ ಮಗಳ ಪಾಲು. ಅವಳು ಹೀಗೆ ಒಗ್ಗಿಸಿದವುಗಳಲ್ಲೆಲ್ಲ ಅವಳ ಕಣ್ಮಣಿ ಎಂದರೆ ಆ ಮನೆಯಲ್ಲೇ ಹುಟ್ಟಿದ, ನಾಲ್ಕು ತುಂಬಲು ಎರಡು ತಿಂಗಳಿದ್ದ ಕಂದು ಹೆಣ್ಣುಕುದುರೆ. ಹುಟ್ಟಿದ ದಿನವೇ ಅದು ಬಕೆಟ್ಟಿಗೆ ಬೆಚ್ಚಿ, ಪೊರಕೆಗೆ ಬೆಚ್ಚಿ, ಕೊನೆಗೆ ತನ್ನ ಬಾಲಕ್ಕೇ ಬೆಚ್ಚಿತ್ತು. ಅಂದಿನಿಂದ ಅದರ ಹೆಸರು ಗಾಬರಿ.

ಗಾಬರಿಗೆ ತಡೆ ಹಾರುವುದನ್ನು ಕಲಿಸಲು ಶುರುಮಾಡಬೇಕು ಎಂಬುದು ಮಗಳ ಹಟ. ಈಗಲೇ ಕೂಡದು ಎಂಬುದು ಅತ್ತೆಯ ಹಟ.

ಅತ್ತೆಯದು ಕಡ್ಡಿ ಮುರಿದಂಥ ಲೆಕ್ಕ. ಎಳೆಯ ಕುದುರೆ ಒಂದೇ ಸಮ ಬೆಳೆಯುವುದಿಲ್ಲ. ಒಮ್ಮೆ ಸೊಂಟ ಮೇಲೇಳುತ್ತದೆ, ಆಮೇಲೆ ಹೆಗಲು ಅದನ್ನು ಹಿಡಿಯುತ್ತದೆ. ಎರಡೂ ಸಮಕ್ಕೆ ಬಂದು ಮೂರು ತಿಂಗಳು ಹಾಗೇ ನಿಂತರೆ ಬೆಳವಣಿಗೆ ಒಂದು ಹದಕ್ಕೆ ಬಂತೆಂದು ಅರ್ಥ. ಅದಕ್ಕೆ ಮುಂಚೆ ಹಾರಿಸಿದರೆ ಎಳೆಯ ಮೂಳೆ, ಜೀವಮಾನವಿಡೀ ಕುಂಟು. ಅಳೆಯಲು ಆ ಮನೆಯಲ್ಲಿ ಟೇಪು ಬಳಸಿದ್ದೇ ಇಲ್ಲ. ಲಾಯದ ಹೊರಗೋಡೆಗೆ ಗಾರೆ ಮೆತ್ತಿರಲಿಲ್ಲ, ಇಟ್ಟಿಗೆಯ ಸಾಲುಗಳು ಗೆರೆ ಎಳೆದ ಹಾಗೆ ನೇರವಾಗಿದ್ದವು. ಕುದುರೆಯನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ, ಹೆಗಲಿನಿಂದ ಒಂದು ಮರದ ಪಟ್ಟಿ, ಸೊಂಟದಿಂದ ಒಂದು ಪಟ್ಟಿ ಗೋಡೆಗೆ ತಾಗಿಸಿ, ಯಾವ ಇಟ್ಟಿಗೆಗೆ ಬಂತೆಂದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುವುದು. ನಲವತ್ತು ವರ್ಷದಿಂದ ಅಲ್ಲಿ ಬೆಳೆದ ಕುದುರೆಗಳೆಲ್ಲ ಆ ಗೋಡೆಗೆ ಲೆಕ್ಕ ಒಪ್ಪಿಸಿದ್ದವು.

ಈ ತಿಂಗಳು ಅತ್ತೆ ಬೆಳಿಗ್ಗೆ ಅಳೆದರು. ಸೊಂಟ ಹೆಗಲಿಗಿಂತ ಎರಡು ಬೆರಳು ಮೇಲೆ. ಅದೇ ದಿನ ಸಂಜೆ ಮಗಳು ಅಳೆದಳು. ಹೆಗಲೇ ಸೊಂಟಕ್ಕಿಂತ ಎರಡು ಬೆರಳು ಮೇಲೆ.

"ಅಜ್ಜಿ ಪಟ್ಟಿ ಓರೆ ಹಿಡೀತಾಳೆ," ಎಂದಳು ಮಗಳು.

"ನಾನು ಓರೆ ಹಿಡೀತೀನಾ? ನಿಮ್ಮಪ್ಪ ಇಷ್ಟುದ್ದ ಇದ್ದಾಗಿಂದ ಅಳೀತಿದ್ದೀನಿ ಕಣೇ. ನಿನಗೆ ಆತುರ. ಆತುರದ ಕಣ್ಣಿಗೆ ಬೇಕಾದ್ದೇ ಕಾಣೋದು."

"ಹಾಗಾದ್ರೆ ನಾನು ಸುಳ್ಳಿ?"

"ನಾನು ಹಾಗಂದ್ನಾ?"

"ಇನ್ನೇನಂದೆ?"

ಅವತ್ತಿನಿಂದ ಇಬ್ಬರ ಮಾತು ನಿಂತಿತು.

ಸೊಸೆಗೆ ಮಾತ್ರ ಗೊತ್ತಿದ್ದ ಇನ್ನೊಂದು ಸಂಗತಿ ಇತ್ತು. ಹೊಳೆಯಾಚೆಯ ದೊಡ್ಡ ಸವಾರಿ ಶಾಲೆಯವರು ಮಗಳನ್ನು ಕೆಲಸಕ್ಕೆ ಕರೆದಿದ್ದರು. ಗಾಬರಿಯನ್ನೂ ಕರೆತರಬಹುದು, ಎರಡು ತಿಂಗಳಲ್ಲಿ ಉತ್ತರ ಹೇಳಬೇಕು.

ಒಣಹುಲ್ಲು ಬಿಡಿಸುತ್ತಾ ಮಗಳು ಅದನ್ನು ಹೇಳಿದ್ದಳು. "ಈ ಮನೆಯಲ್ಲಿ ಲದ್ದಿ ಬಾಚೋಕೆ ನಾನು ದೊಡ್ಡವಳು, ತೀರ್ಮಾನ ಮಾಡೋಕೆ ಚಿಕ್ಕವಳು. ಎಲ್ಲಾದ್ರೂ ಒಂದು ಕಡೆ ನನ್ನ ಮಾತು ನಡೀಬೇಕಲ್ಲಮ್ಮ?"

"ಹೋಗಬೇಡ" ಎನ್ನಲು ಸೊಸೆಗೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹಾಗೆ ಹೇಳಿ ಕಟ್ಟಿಹಾಕಿದ ಮಗಳು ಮನೆಯಲ್ಲಿದ್ದರೂ ಇಲ್ಲದ ಹಾಗೆಯೇ ಎಂದೂ ಅವಳಿಗೆ ಅನಿಸಿತ್ತು. ಅದಕ್ಕೇ, "ಅಜ್ಜಿಗೆ ಈಗಲೇ ಹೇಳಬೇಡ," ಎಂದಷ್ಟೇ ಹೇಳಿ ಹುಲ್ಲಿನ ಕಟ್ಟು ಎತ್ತಿಕೊಂಡು ಹೋಗಿದ್ದಳು.

ಹನ್ನೊಂದು ದಿನ ಅವಳು ಇಬ್ಬರ ನಡುವೆ ಟಪಾಲು ಹೊತ್ತಳು. ಹನ್ನೆರಡನೆಯ ದಿನ ಬೆಳಿಗ್ಗೆ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು.

"ಇವತ್ತಿಂದ ನಾನೂ ಮಾತು ಬಿಟ್ಟೆ. ಒಲೆನೂ ಬಿಟ್ಟೆ. ನಿಮ್ಮಿಬ್ಬರ ಅಳತೆ ಒಂದಾದ ಮೇಲೆ ಒಲೆ ಹಚ್ಚೋದು."

"ಅಯ್ಯೋ, ನಾನೇನು ಮಾಡಿದೆ?" ಎಂದ ಗಂಡ.

"ನೀವು ಏನೂ ಮಾಡಲಿಲ್ಲ ರೀ. ಅದೇ ನಿಮ್ಮ ಮೇಲಿರೋ ದೂರು."

ಹೊಟ್ಟೆಯ ಪ್ರಶ್ನೆ ಬಂದಾಗ ಒಪ್ಪಂದಕ್ಕೆ ಹೊತ್ತು ಹಿಡಿಯಲಿಲ್ಲ. ಅಂದು ಭಾನುವಾರ, ಸವಾರಿಯ ಮಕ್ಕಳಿಲ್ಲ. ಅತ್ತೆ ಕೋಲೂರಿಕೊಂಡು ಬಂದರು, ಮಗಳು ಗಾಬರಿಯನ್ನು ಲಾಯದಿಂದ ಹೊರಗೆ ತಂದು, ಮುಖ ಗೇಟಿನ ಕಡೆಗಿರುವಂತೆ ಗೋಡೆಯ ಪಕ್ಕಕ್ಕೆ ನಿಲ್ಲಿಸಿದಳು. ಗಂಡ ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು ಲಾಯದ ಬಾಗಿಲ ಬಳಿ ಸಾಮಾನು ತೊಳೆಯುವ ನೆಪದಲ್ಲಿ ನಿಂತ.

ಅತ್ತೆ ಪಟ್ಟಿ ಇಟ್ಟರು. "ನೋಡು. ಹೆಗಲು ಇಪ್ಪತ್ತನೇ ಸಾಲು. ಸೊಂಟ ಅದಕ್ಕಿಂತ ಎರಡು ಬೆರಳು ಮೇಲೆ. ಓರೆ ಇದೆಯಾ? ನೀನೇ ಹಿಡಿ."

ಮಗಳು ಹಿಡಿದಳು. ಎರಡು ಬೆರಳು. ಇನ್ನೊಮ್ಮೆ ಹಿಡಿದಳು. ಎರಡೇ ಬೆರಳು. ಅವಳ ಮುಖ ಕೆಂಪಾಯಿತು. "ಅವತ್ತು ಹೀಗಿರಲಿಲ್ಲ. ದೇವರಾಣೆ ಅಮ್ಮ, ಹೀಗಿರಲಿಲ್ಲ."

ಮಗಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಲಾರದೆ ಗಂಡ ಹಿಂದೆ ಸರಿದ. ಸರಿದವನು ಬಕೆಟ್ಟಿಗೆ ಎಡವಿದ. ಬಕೆಟ್ಟು ದಢಾರನೆ ಉರುಳಿತು. ಗಾಬರಿ ಹೆಸರು ಉಳಿಸಿಕೊಂಡಿತು. ನಾಲ್ಕೂ ಕಾಲು ಕಲೆಹಾಕಿ, ಗಿರಕ್ಕನೆ ತಿರುಗಿ, ಬಂದ ದಾರಿಯಲ್ಲೇ ಲಾಯಕ್ಕೆ ಮುಖಮಾಡಿ ನಡುಗುತ್ತಾ ನಿಂತಿತು. ಮಗಳು ಸಮಾಧಾನ ಮಾಡುತ್ತಾ ಅಭ್ಯಾಸಬಲದಿಂದ ಪಟ್ಟಿಯನ್ನು ಹೆಗಲ ಮೇಲಿಟ್ಟಳು. ಆಮೇಲೆ ಸೊಂಟದ ಮೇಲೆ.

"ಅಜ್ಜೀ."

ಹನ್ನೆರಡು ದಿನದಲ್ಲಿ ಅದೇ ಮೊದಲ ಸಲ ನೇರವಾಗಿ ಕರೆದದ್ದು.

ಅತ್ತೆ ಬಂದು ನೋಡಿದರು. ಹೆಗಲು ಎರಡು ಬೆರಳು ಮೇಲಿತ್ತು. ಪಟ್ಟಿ ಕಿತ್ತುಕೊಂಡು ತಾವೇ ಇಟ್ಟರು. ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು. "ಇದೇನೇ ಇದು, ನಿಂತ ನಿಲುವಲ್ಲೇ ಬೆಳೆದುಬಿಡ್ತಾ?"

ಸೊಸೆ ಕುದುರೆಯನ್ನು ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಉರುಳಿದ ಬಕೆಟ್ಟಿನ ನೀರನ್ನು. ಅದು ಗಾಬರಿಯ ಮುಂಗಾಲಿನ ಕೆಳಗಿನಿಂದ ಹೊರಟು, ಹಿಂಗಾಲು ದಾಟಿ, ಯಾರೋ ಕರೆದ ಹಾಗೆ ಸರಸರನೆ ಗೇಟಿನ ಮೋರಿಗೆ ಓಡುತ್ತಿತ್ತು.

"ರೀ," ಎಂದಳು ನಿಧಾನವಾಗಿ. "ಈ ಅಂಗಳಕ್ಕೆ ಸಿಮೆಂಟ್ ಹಾಕಿದ್ದು ಯಾವಾಗ?"

"ಹೋದ ವರ್ಷ. ಯಾಕೆ? ಎಷ್ಟು ಚೆನ್ನಾಗಿ ಇಳಿಜಾರು ಕೊಟ್ಟಿದ್ದೀನಿ ನೋಡು, ಒಂದು ಹನಿ ನಿಲ್ಲಲ್ಲ. ಮುಂಚೆ ಕಲ್ಲು ಚಪ್ಪಡಿ ಇದ್ದಾಗ ನೀರು ಹಾಗೇ ಮಡುಗಟ್ಟಿ…" ಅರ್ಧಕ್ಕೇ ನಿಂತ. ಮೂವರು ಹೆಂಗಸರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಆಗ ಅರಿವಾಯಿತು.

ಬೆಳಿಗ್ಗೆ ಲಾಯದಿಂದ ಹೊರಗೆ ತರುವಾಗ ಅತ್ತೆ ಅಳೆದಿದ್ದರು, ಕುದುರೆಯ ಮುಖ ಇಳಿಜಾರಿಗೆ. ಸಂಜೆ ಒಳಗೆ ಕಟ್ಟುವಾಗ ಮಗಳು ಅಳೆದಿದ್ದಳು, ಮುಖ ಏರಿಗೆ. ಗೋಡೆ ನೇರವಾಗಿತ್ತು, ಪಟ್ಟಿ ನೇರವಾಗಿತ್ತು, ಇಬ್ಬರೂ ಪ್ರಾಮಾಣಿಕರೇ ಆಗಿದ್ದರು.

"ನಲವತ್ತು ವರ್ಷದಲ್ಲಿ ಈ ಗೋಡೆ ಒಂದು ಸಲಾನೂ ಸುಳ್ಳು ಹೇಳಿರಲಿಲ್ಲ," ಎಂದರು ಅತ್ತೆ.

"ಈಗಲೂ ಹೇಳಿಲ್ಲ ಅಮ್ಮ. ಹೇಳಿದ್ದು ನೆಲ," ಎಂದ ಮಗ.

"ನೆಲ ಮಾಡಿದ್ದು ಯಾರು?"

"ನೀರು ನಿಲ್ಲುತ್ತೆ ಅಂತ ಬೈದವರು ಯಾರು?"

ಮೊದಲು ನಕ್ಕದ್ದು ಮಗಳು. ಆಮೇಲೆ ಅತ್ತೆ ಗೋಡೆಗೆ ಒರಗಿಕೊಂಡು ಕೋಲು ಬಿಟ್ಟು ನಕ್ಕರು. ಕೋಲು ಬಿದ್ದ ಸದ್ದಿಗೆ ಗಾಬರಿ ಮತ್ತೊಂದು ಸುತ್ತು ತಿರುಗಿತು. ಅಷ್ಟಕ್ಕೆ ಸೊಸೆಗೂ ತಡೆಯಲಾಗಲಿಲ್ಲ, ಉರುಳಿದ ಬಕೆಟ್ಟಿನ ಮೇಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು.

ಗಂಡ ಸಮ ನೋಡುವ ಗಾರೆಯವರ ರಸಮಟ್ಟ ತಂದು ನೆಲಕ್ಕಿಟ್ಟ, ಅದರೊಳಗಿನ ಗುಳ್ಳೆ ಒಂದು ತುದಿಗೆ ಓಡಿತು. ತಗ್ಗಿನ ಕಡೆ ಹಲಗೆ ಜೋಡಿಸಿ ಸಮ ಮಾಡಿದ. ಗಾಬರಿಯನ್ನು ಅದರ ಮೇಲೆ ಹತ್ತಿಸಲು ಅರ್ಧ ಗಂಟೆ, ಒಂದು ಬುಟ್ಟಿ ಕ್ಯಾರೆಟ್ ಖರ್ಚಾದವು. ಪಟ್ಟಿ ಇಟ್ಟಾಗ ಹೆಗಲೂ ಇಪ್ಪತ್ತನೇ ಸಾಲಿನ ಮೇಲೆ ಎರಡು ಬೆರಳು, ಸೊಂಟವೂ ಅಷ್ಟೇ. ಹಿಂದಿನ ತಿಂಗಳುಗಳಲ್ಲಿ ಅತ್ತೆ ಬೆಳಿಗ್ಗೆ ಹಾಕಿದ್ದ ಗುರುತುಗಳಲ್ಲಿ ಇಳಿಜಾರಿನ ಎರಡು ಬೆರಳು ಕಳೆದು ನೋಡಿದರೆ, ಸಮಕ್ಕೆ ಬಂದು ಆಗಲೇ ನಾಲ್ಕು ತಿಂಗಳಾಗಿತ್ತು.

"ಹಾಗಾದ್ರೆ ನಾಳೆಯಿಂದ?" ಎಂದಳು ಮಗಳು.

"ಡಾಕ್ಟ್ರಮ್ಮ ಬಂದು ಮಂಡಿ ನೋಡಲಿ," ಎಂದರು ಅತ್ತೆ. ಸೋತ ಲಕ್ಷಣ ಅವರ ಮುಖದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಪಶುವೈದ್ಯೆ ಬುಧವಾರ ಬಂದು ಮುಂಗಾಲುಗಳ ಎಕ್ಸ್-ರೇ ತೆಗೆದರು. "ಮಂಡಿ ಮೂಳೆ ಕೂಡಿಕೊಂಡಿದೆ. ಶುರು ಮಾಡಬಹುದು," ಎಂದರು.

"ನಾನು ಹೇಳ್ಲಿಲ್ವಾ!" ಎಂದಳು ಮಗಳು.

"ಆದ್ರೆ ಬೆನ್ನು ಇನ್ನೂ ಎಳೇದು. ಮೊದಲು ನೆಲದ ಮೇಲೆ ಗಳ ಇಟ್ಟು ದಾಟಿಸಿ, ವಾರಕ್ಕೆ ಎರಡು ದಿನ, ಹತ್ತು ಹತ್ತು ನಿಮಿಷ. ಅವಸರ ಬೇಡ."

"ನಾನು ಹೇಳ್ಲಿಲ್ವಾ!" ಎಂದರು ಅತ್ತೆ.

ಪಕ್ಕದ ಬೀದಿಯ ಬಡಗಿ ಆರು ಗಳಗಳಿಗೆ ಬಿಳಿ, ಕೆಂಪು ಬಣ್ಣ ಬಳಿದು ತಂದುಕೊಟ್ಟ. ಅತ್ತೆ ಲಾಯದ ಪಕ್ಕದ ಬಯಲಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡರು. ಮೊದಲ ದಿನ ಗಾಬರಿ ಗಳಗಳನ್ನು ಹಾವು ಕಂಡ ಹಾಗೆ ಕಂಡಿತು. ಎರಡನೇ ವಾರಕ್ಕೆ ಮೂಸಿ ನೋಡಿತು. ನಾಲ್ಕನೇ ವಾರಕ್ಕೆ ಮಗಳನ್ನು ಬೆನ್ನ ಮೇಲೆ ಹೊತ್ತು, ಕುಕ್ಕುಲೋಟದಲ್ಲಿ ಒಂದೂ ಹೆಜ್ಜೆ ತಪ್ಪದೆ ಆರೂ ಗಳ ದಾಟಿತು. ಅತ್ತೆ ಕೋಲಿನಿಂದ ನೆಲಕ್ಕೆ ತಾಳ ಹಾಕಿದರು. ಮಗಳು ನಿಲ್ಲು ಎಂದಾಗ ನಿಲ್ಲುತ್ತದೆಯೇ, ತಿರುಗು ಎಂದಾಗ ಕತ್ತು ಬಿಗಿಯದೆ ತಿರುಗುತ್ತದೆಯೇ, ಎಲ್ಲಕ್ಕೂ ಅಲ್ಲಿಂದಲೇ ಅಂಕ ಕೊಟ್ಟರು. ಊಟದ ಮೇಜಿನಲ್ಲಿ ಈಗ ಗಾಬರಿಯದೇ ಮಾತು. ಅನ್ನ ತಣ್ಣಗಾಗುತ್ತಿತ್ತು. ಸೊಸೆ ಬೈಯುತ್ತಿದ್ದಳು, ಬೈಯುತ್ತಾ ಖುಷಿಪಡುತ್ತಿದ್ದಳು.

ಆರು ವಾರ ಮುಗಿದಾಗ ಅತ್ತೆಯೇ ದಿನ ಗೊತ್ತುಮಾಡಿದರು. ಎರಡು ಗಳ ಕತ್ತರಿಯಂತೆ ಅಡ್ಡಡ್ಡ ಇಟ್ಟು, ನಡುವೆ ಮೊಳದೆತ್ತರಕ್ಕೆ ಬರುವ ತಡೆ. ಅಷ್ಟಕ್ಕೆ ತರಕಾರಿ ಅಂಗಡಿಯಿಂದ ಹಿಡಿದು ಬಡಗಿಯ ಬಾವಮೈದುನನವರೆಗೆ ಕಂಡಕಂಡವರನ್ನೆಲ್ಲ ಕರೆದರು. ಸೊಸೆ ಹದಿನಾಲ್ಕು ಜನಕ್ಕೆ ಚಹಾ ಕಾಯಿಸಿದಳು. ಹದಿನೈದನೆಯವನು ಕರೆಯದೇ ಬಂದ. ಫಳಫಳ ಹೊಳೆಯುವ ಬೂಟು, ಕಂಕುಳಲ್ಲಿ ಚಾಟಿ. ಹೊಳೆಯಾಚೆಯ ಸವಾರಿ ಶಾಲೆಯ ಮುಖ್ಯ ತರಬೇತುದಾರ.

"ನಿಮ್ಮ ಹುಡುಗಿ ಇವತ್ತು ಹಾರಿಸ್ತಾಳಂತೆ. ನೋಡಿಕೊಂಡು ಹೋಗೋಣ ಅಂತ ಬಂದೆ," ಎಂದ. ಸೊಸೆ ಅವನಿಗೂ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು.

ಮಗಳು ಗಾಬರಿಯನ್ನು ತಡೆಯ ಕಡೆಗೆ ಬಿಟ್ಟಳು. ನಾಲ್ಕು ಹೆಜ್ಜೆ ಇರುವಾಗ ಪಕ್ಕಕ್ಕೆ ತಿರುಗಿಸಿ ನಡಿಗೆಗೆ ತಂದಳು. ಇನ್ನೊಂದು ಸುತ್ತು, ಮತ್ತೆ ಹಾಗೆಯೇ. ಮೂರನೇ ಸುತ್ತಿನಲ್ಲಿ ನಿಲ್ಲಿಸಿ, ಕೆಳಗಿಳಿದು, ಜೀನಿನ ಪಟ್ಟಿ ಸಡಿಲ ಮಾಡಿದಳು.

"ಇವತ್ತು ಇಲ್ಲ," ಎಂದಳು.

"ಇಲ್ಲ ಅಂದ್ರೆ?" ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

"ಇಷ್ಟು ಜನ ನೋಡಿ ಬೆದರಿದ್ದಾಳೆ ಅಜ್ಜಿ. ಹೆಜ್ಜೆ ಅಳೀತಿಲ್ಲ, ನುಗ್ತಿದ್ದಾಳೆ. ಹೀಗೆ ಹಾರಿದ್ರೆ ಹಾರೋದಲ್ಲ, ತಪ್ಪಿಸಿಕೊಳ್ಳೋದನ್ನ ಕಲೀತಾಳೆ."

"ಮೊಳ ಎತ್ತರ ಕಣೇ! ಕೋಳಿ ಹಾರುತ್ತೆ! ಹದಿನಾಲ್ಕು ಜನರನ್ನ ಕರೆದಿದ್ದೀನಿ!"

"ನೀನು ಕರೆದಿದ್ದು. ಗಾಬರಿ ಕರೆದಿಲ್ಲ."

ತರಬೇತುದಾರ ನಕ್ಕ. "ನಮ್ಮಲ್ಲಾಗಿದ್ರೆ ಹಿಂದಿನಿಂದ ಒಂದು ಏಟು ಬಿಗಿದಿದ್ರೆ ಸಾಕಿತ್ತು, ಆಚೆ ಇರೋದು."

"ಇರಬಹುದು ಸಾರ್," ಎಂದಳು ಮಗಳು. "ನಾಳೆಯಿಂದ ಗಳ ಕಂಡಾಗೆಲ್ಲ ಆ ಏಟೇ ನೆನಪಾಗೋದು ಅದಕ್ಕೆ."

ಅವನು ಚಹಾ ಕುಡಿಯದೇ ಹೊರಟುಹೋದ. ಸೊಸೆಗೆ ಮಗಳ ಮೇಲೆ ಉಕ್ಕಿದ ಹೆಮ್ಮೆಗೆ ಕಣ್ಣು ಮಂಜಾಯಿತು. ಅದರ ಬೆನ್ನಿಗೇ ಅತ್ತೆಯ ಮುಖ ನೋಡಿ ಭಯವೂ ಆಯಿತು.

ಅಂದಿನ ಊಟಕ್ಕೆ ಅತ್ತೆ ಮುಖ ಊದಿಸಿಕೊಂಡು ಕೂತರು. "ಇನ್ನು ಯಾವ ಮುಖ ಇಟ್ಕೊಂಡು ತರಕಾರಿ ತರೋಕೆ ಹೋಗ್ಲಿ ಅಂತ ನಿನ್ನ ಮಗಳನ್ನ ಕೇಳು."

ಸೊಸೆ ಸೌಟು ಕೆಳಗಿಟ್ಟಳು. "ಅತ್ತೆ, ಎರಡು ತಿಂಗಳ ಹಿಂದೆ ಹಾರಿಸ್ಬೇಡ ಅಂತ ಮಾತು ಬಿಟ್ರಿ. ಈಗ ಹಾರಿಸ್ಲಿಲ್ಲ ಅಂತ ಬಿಡ್ತಿದ್ದೀರಿ. ನಾನು ಯಾವ ಟಪಾಲು ಹೊರಲಿ?"

ಗಂಡ ಮೊದಲು ಕಿಸಕ್ಕೆಂದ. ಅತ್ತೆ ಅವನನ್ನು ದುರುಗುಟ್ಟಿ ನೋಡಲು ಹೋಗಿ, ಆಗದೆ, ತಾವೂ ನಕ್ಕುಬಿಟ್ಟರು. ಆ ನಗುವಿನ ನಡುವೆಯೇ ಮಗಳು ಹೇಳಿದಳು, "ಆ ಶಾಲೆಯವರು ನನ್ನನ್ನ ಕೆಲಸಕ್ಕೆ ಕರೆದಿದ್ದಾರೆ ಅಜ್ಜಿ. ಎರಡು ತಿಂಗಳಾಯ್ತು."

ನಗು ನಿಂತಿತು.

"ಹೋಗ್ತೀಯಾ?" ಎಂದರು ಅತ್ತೆ.

"ಗೊತ್ತಿಲ್ಲ. ಅಲ್ಲಿ ಹೊಡೆದು ಹಾರಿಸ್ತಾರೆ. ಇಲ್ಲಿ ಯಾವಾಗ ಹಾರಿಸಬೇಕು, ಯಾವಾಗ ಬೇಡ, ಎರಡೂ ನೀನೇ ಹೇಳ್ತೀಯ. ಯಾವುದು ವಾಸಿ ಅಂತ ಯೋಚಿಸ್ತಿದ್ದೀನಿ. ಈ ವಾರ ಹೇಳಬೇಕಂತೆ."

ಅತ್ತೆ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅದರಷ್ಟಕ್ಕೆ ಬಿಟ್ಟು ಎದ್ದುಹೋದರು. ಊಟ ಅರ್ಧಕ್ಕೆ ಬಿಟ್ಟು ಎದ್ದ ಅತ್ತೆಯನ್ನು ಸೊಸೆ ಇಪ್ಪತ್ತನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ಐದು ದಿನ ಅತ್ತೆ ಬಯಲಿಗೆ ಕುರ್ಚಿ ಹಾಕಿಸಲಿಲ್ಲ. ಮಗಳು ತನ್ನ ಪಾಡಿಗೆ ಗಾಬರಿಯನ್ನು ದಿನವೂ ಆ ತಡೆಯ ಸುತ್ತ ನಡೆಸಿ, ಮೂಸಲು ಬಿಟ್ಟು, ಅಲ್ಲೇ ನಿಲ್ಲಿಸಿ ಹುಲ್ಲು ತಿನ್ನಿಸಿದಳು. ಆರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬೂಟಿನ ಸಮೇತ ನಿಂತು, "ಇವತ್ತು," ಎಂದಳು.

ಅತ್ತೆ ಮನೆಯ ಚಪ್ಪಲಿಯಲ್ಲೇ ಎದ್ದು ಹೊರಟರು.

ಬಯಲಿನಲ್ಲಿ ನಾಲ್ವರು, ಒಂದು ಕುದುರೆ. ಗಾಬರಿ ತಾಳ ತಪ್ಪದೆ ಬಂತು. ಕಿವಿ ಮುಂದಕ್ಕೆ ನಿಮಿರಿತು. ಮೊಳದೆತ್ತರದ ತಡೆಯನ್ನು ಅದು ಕೋಟೆಗೋಡೆಯೆಂದು ತಿಳಿಯಿತೋ ಏನೋ, ಆಳೆತ್ತರಕ್ಕೆ ಎದ್ದು ಹಾರಿತು! ಮಗಳ ಒಂದು ಕಾಲು ಜೀನಿನ ರಿಕಾಪಿನಿಂದ ಜಾರಿ, ಟೋಪಿ ಕಣ್ಣಿನ ಮೇಲೆ ಬಿದ್ದು, ಆಚೆ ಇಳಿಯುವಾಗ ಅವಳು ಕುದುರೆಯ ಕುತ್ತಿಗೆ ತಬ್ಬಿಕೊಂಡಿದ್ದಳು. ತಬ್ಬಿಕೊಂಡೇ ನಗುತ್ತಿದ್ದಳು. ಗಂಡ ಶಿಳ್ಳೆ ಹಾಕಿದ. ಸೊಸೆ ತಾನು ಕಿರುಚಿದ್ದು ತನಗೇ ಗೊತ್ತಾಗದೆ, ಯಾರು ಕಿರುಚಿದ್ದೆಂದು ತಿರುಗಿ ನೋಡಿದಳು. ಅತ್ತೆ ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ಗೇಟಿನಲ್ಲಿ ಹೆಂಚಿನ ವ್ಯಾಪಾರಿಯೊಬ್ಬ ಬೂದು ಬಣ್ಣದ ಗಂಡು ಕುದುರೆಮರಿಯನ್ನು ಹಿಡಿದುಕೊಂಡು ನಿಂತಿದ್ದ. ಮೂರು ಊರು ದಾಟಿ ಬಂದವನು, ಬೆವರು ಇನ್ನೂ ಆರಿರಲಿಲ್ಲ.

"ಅಮ್ಮಾ, ಇವನು ಮೂರು ತುಂಬಿದವನು. ಹಾರೋಕೆ ಶುರು ಮಾಡಬಹುದಾ, ಸ್ವಲ್ಪ ಕೈಯಿಟ್ಟು ನೋಡಿ ಹೇಳ್ತೀರಾ?"

ಅತ್ತೆಯ ಕೈ ತಾನಾಗಿಯೇ ಮುಂದೆ ಹೋಯಿತು. ಮರಿಯ ಮಂಡಿಗೆ ಇನ್ನೊಂದು ಗೇಣು ಇರುವಾಗ ಅದನ್ನು ಹಿಂದಕ್ಕೆಳೆದುಕೊಂಡು ಕೋಲಿನ ಮೇಲಿಟ್ಟರು.

"ಇಲ್ಲಿ ಕೈಯಿಟ್ಟು ನೋಡೋಳು ಅವಳು. ಅವಳನ್ನ ಕೇಳು," ಎಂದರು.

ಮಗಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ದೂರದ ಬೇಲಿಯಲ್ಲಿ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದರು. ಅವಳು ಗಾಬರಿಯ ಮೇಲಿಂದ ಇಳಿದು ಲಗಾಮನ್ನು ಅಪ್ಪನಿಗೆ ಕೊಟ್ಟು ಬಂದು ಮರಿಯ ಮುಂದೆ ಮೊಣಕಾಲೂರಿ ಕೂತಳು. ಎರಡೂ ಮಂಡಿ ಸವರಿದಳು, ನಡೆಸಿ ನೋಡಿದಳು, ಮತ್ತೆ ಸವರಿದಳು.

"ಇನ್ನೂ ಆರು ತಿಂಗಳು ಕಾಯಿರಿ," ಎಂದಳು ಮಗಳು.

ವ್ಯಾಪಾರಿ ತಲೆ ಕೆರೆದುಕೊಂಡ. ಅವಳನ್ನು ಬಿಟ್ಟು ಅತ್ತೆಯ ಕಡೆ ತಿರುಗಿದ. "ಹೌದಾ ಅಮ್ಮ?"

"ನನ್ನನ್ನ ಏನು ನೋಡ್ತೀಯ?" ಎಂದು ರೇಗಿದರು ಅತ್ತೆ. "ಕೇಳಿಸಲಿಲ್ವಾ? ಆರು ತಿಂಗಳು ಅಂದಳಲ್ಲ!"

ಮಗಳು ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು. ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾ, ಫೋನ್ ಎಲ್ಲಿಟ್ಟಿದ್ದೀಯ? ಹೊಳೆಯಾಚೆಯವರಿಗೆ ಬರಲ್ಲ ಅಂತ ಹೇಳಿಬಿಡ್ತೀನಿ," ಎಂದಳು. "ಇಲ್ಲೇ ಕೆಲಸ ಜಾಸ್ತಿಯಾಗೋ ಹಾಗಿದೆ."